ಗಂಡಸರ ಎಂಟನೇ ನಂಬರು

ಕೊಪ್ಪೀಕರ ರಸ್ತೆ ಅಂಗಡ್ಯಾಗ ಆ ಹುಡುಗ
ಮೊದಲ ನನ್ನ ಸೊಂಟ ನೋಡಿದ,
ಆಮ್ಯಾಲ ಪಾದ, ಆಮ್ಯಾಲ ಬಾಗಲ.
“ಯಾರಿಗ್ರೀ ಅಕ್ಕಾರ, ಮಗಳಿಗೇನು?”
ನನಗ, ಅಂದೆ. ಓಡಾಕ.
ಖರೇ ಹೇಳಬೇಕು, ಅವ ನಗಲಿಲ್ಲ. ಕೆಮ್ಮಿದ.

ಹೆಂಗಸರ ಗೂಡಿನ್ಯಾಗ ಎಲ್ಲಾ ಗುಲಾಬಿ,
ಎಲ್ಲಾ ಹೆಸರಕಾಯಿ ಹಂಗ ಸಪೂರ.
ಏಳರಾಗ ಕಿರುಬೆರಳು ಅಳತಿತ್ತು.
ಸಂಜೀಕ ಹೋಗಿದ್ದೆ, ಬೇಕಂತನ.
ಎಂಟು ತಾಸು ನಿಂತ ಪಾದ ಬಾತಿರ್ತದ;
ಬಾತ ಪಾದಕ್ಕ ಒಪ್ಪಿದ ಬೂಟು
ಮುಂಜಾನಿ ಪಾದಕ್ಕ ಸುಳ್ಳು ಹೇಳೂದಿಲ್ಲ.

ಹುಬ್ಬಳ್ಳಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಾಕಿ ನಾ.
ಹತ್ತೊಂಬತ್ತು ವರ್ಷ ಬರೇ ತೂಕಾ ಬರಕೋತ ಬಂದೇನಿ:
ಬ್ಯಾಡಗಿ ಮೆಣಸಿನಕಾಯಿ ಚೀಲ,
ಪೆಟ್ರೋಲ್ ಬಸದ ಮೋಟರ್‌ಸೈಕಲ್ಲು,
ನೀರು ಜಿನುಗೂ ಹೂವಿನ ಬುಟ್ಟಿ.
ಯಾವ ಚೀಲಕ್ಕೂ ನಾ ಕೇಳಿಲ್ಲ,
ಒಂದು ರೊಟ್ಟಿ ಕಮ್ಮಿ ತಿನಬಾರದೇನ ತಂಗಿ ಅಂತ.
ಮಾಲಿಗೆ ತಕ್ಕಂಗ ಗೋಣಿ ಹೊಲೀತಾರ ನಮ್ಮ ಹಮಾಲರು,
ಗೋಣಿಗೆ ತಕ್ಕಂಗ ಮಾಲು ಕತ್ತರಿಸಿದ್ದು ನೋಡಿಲ್ಲ.

“ಗಂಡಸರದು ತೋರಸು” ಅಂದೆ.
ಎಂಟನೇ ನಂಬರು, ಬೂದಿ ಬಣ್ಣ, ಅಗಲ ಮಾರಿ.
ಒಳಗ ಐದೂ ಬೆರಳು ಬಿಚ್ಚಿಕೊಂಡ್ವು,
ಮದಿವಿ ಊಟ ಮುಗಿಸಿ ಜಮಖಾನದ ಮ್ಯಾಲ
ಕಾಲು ಚಾಚಿದ ಬೀಗರ ಹಂಗ.
ಮುಂದ ಒಂದು ಬೆರಳಿನ ಜಾಗ. ಹಿಮ್ಮಡ ಜಾರಲಿಲ್ಲ.
“ಓಡಿ ನೋಡ್ಲೇನಪಾ?”
ಹುಡುಗ ಬಾಗಲ ತಗದು ಹಿಡದ.
ನಾ ಸೆರಗು ಸಿಗಿಸಿ, ನಿರಿಗಿ ಎತ್ತಿ,
ನಾಲ್ಕು ಅಂಗಡಿ ದಾಟಿ ಓಡಿ ತಿರುಗಿ ಬಂದೆ.
ಗಿರ್ಮಿಟ್ ಗಾಡಿಯವ ಉಳ್ಳಾಗಡ್ಡಿ ಹೆಚ್ಚೂದು ಬಿಟ್ಟು ನಿಂತಿದ್ದ.
ನಿಂತಿರಲಿ.

ಅರಿವಿ ಮಾತು ಬ್ಯಾರೆ.
ಬೂಟಿಗೂ ಮೊದಲ ಒಂದು ವಾರ
ಹಳೇ ಕಾಟನ್ ಚೂಡಿದಾರದಾಗ ಓಡಿದ್ದೆ;
ತೊಡಿ ತೊಡಿ ತಿಕ್ಕಿ ಒಳಗ ಕೆಂಡ.
ಆಫೀಸಿನ ಮೆಟ್ಟಲಾ ಇಳಿಯೂ ಮುಂದ ಕಣ್ಣಾಗ ನೀರು.
ಯಾರ ಮುಂದ ಹೇಳೂದು?
ಕೊಬ್ಬರಿ ಎಣ್ಣಿ ಬಾಟ್ಲಿ ಮುಂದ ಹೇಳಿದೆ.
ಬೆವರು ಕುಡದ ಕಾಟನ್ನು ತೂಕಾ ಕೂಡಿಸ್ತದ,
ನನ್ನ ಪಾವತಿಯೊಳಗ ಇಲ್ಲದ ತೂಕ.

ಗಣೇಶಪೇಟಿ ಶಮೀಮಬಾನು
ಇಷ್ಟು ವರ್ಷ ನನ್ನ ಅಳತಿ ಪಿಸುಗುಟ್ಟತಿದ್ದಾಕಿ,
ಸತ್ತ ಸುದ್ದಿ ಹೇಳಿದಂಗ.
ಈ ಸರ್ತಿ ಟೇಪು ಸುತ್ತಿ, ಒಳಗಿನ ಹುಡುಗಿಗೆ ಕೂಗಿದಳು:
“ಸೊಂಟ ನಲವತ್ತಾರು! ತೊಡಿ ಮೂವತ್ತು! ಬರಕೋ!”
ಪ್ಲಾಟ್‌ಫಾರ್ಮಿನ ಮೈಕಿನ್ಯಾಗ ಗಾಡಿ ನಂಬರು ಹೇಳಿದಂಗಿತ್ತು.
ಗಾಡಿಗೆ ನಾಚಿಕಿ ಬರತದೇನು?

ಜಗ್ಗಿದಷ್ಟು ಜಗ್ಗೂ ಬಟ್ಟಿ, ಮೊಳಕಾಲ ಮಟ,
ಹೊಲಿಗಿ ಹೊರಮಗ್ಗಲಕ್ಕ,
ಆಸನಕ್ಕ ಪತಂಗದ ಆಕಾರದ ಒಂದು ತುಂಡು,
ಉರಳಬಾರದಂಗ ನಾಲ್ಕು ಬೆರಳಿನ ಸೊಂಟಪಟ್ಟಿ,
ಮನಿ ಚಾವಿಗೆ ಕಿಸೆ.
ಇನ್ನ ಎದಿ ಪಟ್ಟಿ. ಅದನ್ನ ಹೇಳಾಕ ಈಗೂ ನಾಲಿಗಿ ತಡೀತದ.
“ಜಿಗದು ತೋರಸ್ರಿ” ಅಂದಳು ಪರದೆ ಎಳದು.
ಜಿಗದೆ.
ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ವಿ.
ಪಟ್ಟಿ ಇನ್ನೊಂದು ಬೆರಳು ಅಗಲ ಮಾಡಿ,
ಟಾಚಣಿ ಬಾಯಾಗಿಟ್ಟುಕೊಂಡ ಆಕಿ ಅಂದಳು,
“ನನಗೂ ಒಂದು ಹೊಲಕೋತೇನಿ, ಕರೀಬೇಕು ಮತ್ತ.”

ಉಣಕಲ್ ಕೆರಿ ದಂಡಿ. ಇನ್ನೂ ನಸುಗತ್ತಲ.
ಒಂದು ದೀಪದ ಕಂಬದ ತನಕ ಓಡತೇನಿ,
ಮುಂದಿನದರ ತನಕ ನಡೀತೇನಿ.
ಮಂಕಿಟೋಪಿ ಹಾಕಿದ ಅಜ್ಜ ನನ್ನ ಎರಡು ಸರ್ತಿ ದಾಟಿ ಹೋದ,
ಎರಡನೇ ಸರ್ತಿ ಕೈ ಎತ್ತಿದ.
ರಾತ್ರಿ ಮಳಿಯಾಗಿ, ಎರಿ ಮಣ್ಣು ಬೂಟಿಗೆ ಮೆತ್ತಿ
ಒಂದೊಂದಕ್ಕ ಕಾಲು ಕಿಲೋ ಹೆಚ್ಚಾಗೇದ,
ಇದನ್ನ ನಾ ತಕ್ಕಡಿ ಇಲ್ಲದನ ಹೇಳಬಲ್ಲೆ.
ಕಟ್ಟಿಗಿ ಚೂರಿಲೆ ಕೆರದು ತಗದೆ.
ಲೇಸಿಗೆ ಜೋಡಗಂಟು.
ಡ್ಯೂಟಿ ಎಂಟಕ್ಕ.
ಇನ್ನೂ ಮೂರು ಕಂಬ ಅವ.