ಗಾಜಿನ ಈಚೆಯಿಂದ

ಬನ್ನಿ, ಇನ್ನೂ ಹತ್ತಿರ.
ಗಾಜಿನ ತೂತಿನಲ್ಲಿ ಮಾತಾಡಿ, ಕೇಳಿಸುತ್ತೆ.
ಮೊದಲೇ ಹೇಳಿಬಿಡುತ್ತೇನೆ,
ಸಲಹೆ ಕೊಡುವಂತಿಲ್ಲ ನಾನು. ಫಾರಂ ಕೊಡಬಹುದು.
ಇಪ್ಪತ್ತಾರು ವರ್ಷದಿಂದ ಈ ಯಾರ್ಮತ್ ಊರಿಗೆ
ಫಾರಂ ಕೊಡುತ್ತಲೇ ಬಂದಿದ್ದೇನೆ.
ಸಲಹೆ ಕೊಟ್ಟಿದ್ದರೆ ಕೆಮ್ಮಿನ ನಡುವೆ ಕೊಟ್ಟಿದ್ದೇನು.

ಹೆಸರು ಇಲ್ಲಿ: ಓಡೆಟ್ ಸುರೆಟ್.
ಅವನದು ಕೆಳಗೆ.
ಜೆಟ್ಟಿಯಲ್ಲಿ ಕರೆಯುವ ಅಡ್ಡಹೆಸರು ನಡೆಯಲ್ಲ,
ದೋಣಿಯ ಹೆಸರಿನ ಮೇಲೂ ದಾವೆ ಹೂಡಲಾಗದು.
ಅಪ್ಪ ಅಮ್ಮ ಇಟ್ಟದ್ದು ಬೇಕು, ಪೂರ್ತಿ:
ಆಂಬ್ರೋಸ್ ಕ್ಲೋವಿಸ್ ಪೋಟಿಯೆ.
ನೋಡಿದಿರಾ, ಬರೆಯುತ್ತಿದ್ದಂತೆ
ತೊಟ್ಟಿಲಿನಷ್ಟಾದ.

ಏನಾಯಿತು ಅನ್ನುವುದಕ್ಕೆ ಎಂಟು ಗೆರೆ ಇವೆ.
ಸಾಲದು, ಗೊತ್ತು.
ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂತು
ಓಕ್ ಬಗ್ಗಿಸಿ, ಮೊಳೆ ಹೊಡೆದು, ಹಸಿರು ದಾರದಲ್ಲಿ ಬಲೆ ಹೆಣೆದು
ನಲವತ್ತು ಲಾಬ್‌ಸ್ಟರ್ ಬೋನು.
ಹದಿನೆಂಟಕ್ಕೆ ಹಣ ಬಂತು. ಉಳಿದವಕ್ಕೆ
ಸೀಸನ್ ಮುಗಿಯಲಿ ಅಂದ, ಮುಗಿದ ಮೇಲೆ ಬಲೆ ಸಡಿಲ ಅಂದ.
ಕೊಟ್ಟವಳು ಕೋಡಂಗಿ, ಇಸ್ಕೊಂಡವನು ವೀರಭದ್ರ.
ಇದನ್ನೆಲ್ಲ ಬರೆಯಬೇಡಿ.
ನಿಮ್ಮ ತಮ್ಮನ ಮದುವೆಯಲ್ಲಿ ಅವನು ಕುಡಿದು ಅಂದದ್ದು,
ಅದಂತೂ ಬೇಡವೇ ಬೇಡ.
ತಾರೀಖು. ಎಣಿಕೆ. ಮೊತ್ತ.
ಹಳೇ ಫಾರಂನಲ್ಲಿ 'ಇತರೆ' ಅಂತ ಒಂದು ಕಲಂ ಇತ್ತು;
ಜನ ಅದರೊಳಗೆ ಇಳಿದರೆ ಮೇಲೆ ಬರುತ್ತಿರಲಿಲ್ಲ,
ತೆಗೆದುಬಿಟ್ಟರು.

ರಸೀದಿ ಇಲ್ಲವೇ? ಸರಿ. ಫೋನು?
ತೋರಿಸಿ.
'ಬೋನು ಪಸಂದಾಗಿವೆ ಓಡೆಟ್, ಈಸ್ಟರಿಗೆ ಬಾಕಿ ಚುಕ್ತಾ.'
ಇದಿದೆಯಲ್ಲ! ಇಷ್ಟು ಹೊತ್ತು ಅಳುತ್ತಿದ್ದಿರಿ,
ಇದನ್ನು ಕೈಯಲ್ಲೇ ಹಿಡಿದುಕೊಂಡು.
ಮೂರು ಪ್ರತಿ ತೆಗೆಸಿ, ಎದುರಿನ ಲೈಬ್ರರಿಯಲ್ಲಿ.
ಪಸಂದು ಅಂದವನೇ ಸಡಿಲ ಅನ್ನಬೇಕು ಈಗ,
ಒಂದೇ ಬಾಯಲ್ಲಿ.

ನೋಟೀಸು ಅವನ ಕೈಗೇ ಮುಟ್ಟಬೇಕು.
ಬಾಗಿಲ ಸಂದಿಯಲ್ಲಿ ತೂರಿಸಿ ಓಡಿಬಂದರೆ ಆಗಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ಡೀಸೆಲ್ ಪಂಪಿನ ಹತ್ತಿರ
ಅವನು ಒಬ್ಬನೇ ನಿಂತಿರುತ್ತಾನೆ.
ಕ್ಷಮಿಸಿ. ಕೆಮ್ಮು.

ಕಲಾಪ ಸಂಜೆ ಏಳಕ್ಕೆ. ಸುತ್ತಿಗೆ ಗಿತ್ತಿಗೆ ಇರಲ್ಲ.
ಹಗಲು ಊರಿನ ವಿಲ್ಲು, ವಿಚ್ಛೇದನ ನೋಡುವ ವಕೀಲೆ
ಊಟ ಮುಂದೂಡಿ ಬಂದು ಕೂರುತ್ತಾಳೆ.
ಹೋದ ವರ್ಷ ಒಬ್ಬ, ಕೆಟ್ಟ ವಾಷಿಂಗ್ ಮೆಷಿನನ್ನೇ
ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದ.
ಬಾಗಿಲು ತೆಗೆದು ತೋರಿಸುವಾಗ ಒಂದು ಕಾಲುಚೀಲ ಬಿತ್ತು.
ಯಾರೂ ನಗಲಿಲ್ಲ. ಪಾಪ, ಎದುರಾಳಿಯೇ ಬಗ್ಗಿ ಎತ್ತಿಕೊಟ್ಟ.
ನೀವು ಒಂದು ಬೋನು ತನ್ನಿ. ಒಂದೇ ಸಾಕು.
ಒಣಗಿಸಿ ತನ್ನಿ.

ಗೆದ್ದರೆ ಏನು ಸಿಗುತ್ತೆ ಅಂತ ನೀವು ಕೇಳಲಿಲ್ಲ.
ಯಾರೂ ಕೇಳಲ್ಲ.
ಕಾಗದ ಸಿಗುತ್ತೆ. ಹಣ ಅವನ ಜೇಬಿನಲ್ಲೇ ಇರುತ್ತೆ,
ಅದನ್ನು ಹೊರಡಿಸಲು ಮತ್ತೆ ಇದೇ ಗಾಜು, ಬೇರೆ ಫಾರಂ.
ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ ಕೋರ್ಟಿಗೆ.
ಇಷ್ಟು ಸಣ್ಣ ಕೋರ್ಟಿನಲ್ಲಿ ಯಾರೂ ಸಾಯಲ್ಲ.
ಶನಿವಾರ ಅಂಗಡಿಯಲ್ಲಿ, ಹಾಲಿನ ಕಪಾಟಿನ ಮುಂದೆ,
ಇಬ್ಬರೂ ಸಿಗುತ್ತೀರಿ. ಅದಕ್ಕೆ ತಯಾರಾಗಿ.

ನಾನಾ?
ತುಂಬಿದ್ದೆ ಒಂದು. ಅಕ್ಕನ ಮೇಲೆ.
ಅಮ್ಮನ ಹೊಲಿಗೆ ಮೆಷಿನು. ತಾರೀಖು ಬರೆದೆ, ಹೆಸರು ಬರೆದೆ,
ಎಂಟೂ ಗೆರೆ ತುಂಬಿದೆ, ಚೊಕ್ಕ ಅಕ್ಷರ.
ಮೊತ್ತ ಅನ್ನುವ ಚೌಕದ ಮುಂದೆ
ಪೆನ್ನು ನಿಂತುಬಿಟ್ಟಿತು.
ಕೆಳಗಿನ ಡ್ರಾಯರಿನಲ್ಲಿದೆ. ಅವಧಿ ಮೀರಿ
ಎಷ್ಟೋ ಕಾಲವಾಯಿತು.

ನಿಮ್ಮದರಲ್ಲಿ ಮೊತ್ತ ಇದೆ. ಒಳ್ಳೆಯದು.
ಶುಲ್ಕ ಕಾರ್ಡಿನಲ್ಲಾ, ನಗದಾ?
ಸಹಿ ಇಲ್ಲಿ. ಒತ್ತಿ ಹಾಕಿ.
ಅಡಿಯ ಹಾಳೆ ಅವನಿಗೆ ಹೋಗುವುದು,
ಅದರಲ್ಲೇ ಅಕ್ಷರ ಮಸುಕು.