ಆರು ನಿಮಿಷದ ಕಲ್ಲು

ಇಪ್ಪತ್ತಾರು ವರ್ಷ ಈ ಊರಿನ ತಕ್ಕಡಿಗಳನ್ನು
ಪರೀಕ್ಷಿಸಿದವಳು ನಾನು.
ಕಟುಕನ ಅಂಗಡಿಯ ಕಾಟಾ, ಉಣ್ಣೆ ಮಂಡಿಯ ಕಾಟಾ,
ಔಷಧಿ ಅಂಗಡಿಯ, ಗುಲಗಂಜಿಗೂ ನಡುಗುವ ಪುಟ್ಟ ತ್ರಾಸು.
ಹಿತ್ತಾಳೆಯ ತೂಕದ ಕಲ್ಲುಗಳನ್ನು
ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದೆ, ಬೆರಳು ತಾಗಿಸದೆ:
ಬೆವರಿಗೂ ತೂಕವಿದೆ.

ಈಗ ಮೊಣಕಾಲು ಸವೆದಿವೆ.
ವಕೀಲರ ಮೇಲಿನ ದೂರನ್ನು
ವಕೀಲರದೇ ಸಮಿತಿ ವಿಚಾರಿಸಿ ಕಟ್ಟಿಟ್ಟ ಮೇಲೆ
ಆ ವಿಚಾರಣೆ ನೆಟ್ಟಗಿತ್ತೇ ಎಂದು ನೋಡುವ
ಹೊರಗಿನವಳ ಕುರ್ಚಿ ನನ್ನದು.
ಕಪ್ಪು ಕೋಟಿಲ್ಲ, ಲ್ಯಾಟಿನ್ ಬಾರದು.
ಓಮರೂ ಬಂದರಿನ ಬಿಳಿ ಸುಣ್ಣಕಲ್ಲಿನ ಕಟ್ಟಡ, ಮೇಲಿನ ಅಂತಸ್ತು.
ಈ ಕಲ್ಲನ್ನು ಮರದಂತೆ ಗರಗಸದಲ್ಲೇ ಕೊಯ್ಯಬಹುದು;
ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ.

ಸುಳ್ಳೇಕೆ, ಹತ್ತರಲ್ಲಿ ಎಂಟು ಫೈಲಿಗೆ
ಸಮಿತಿ ಹೇಳಿದ್ದೇ ಸರಿ ಎಂದು ಬರೆಯುತ್ತೇನೆ.
ಸೋತವರಿಗೆ ಸೋಲಿಸಿದವನಿಗಿಂತ
ತಮ್ಮ ಪರ ನಿಂತವನ ಮೇಲೇ ಸಿಟ್ಟು.
ಫೋನೆತ್ತಲಿಲ್ಲ, ಕಟಕಟೆಯ ಬಳಿ ನಕ್ಕ,
ಎದುರಾಳಿಯ ವಕೀಲನ ಜೊತೆ ಮೀನೂಟ ಮಾಡಿದ.
ಒಬ್ಬಾತ ಅರವತ್ತು ಪುಟ ಬರೆದಿದ್ದ,
ಹೆಂಡತಿ ಬಿಟ್ಟುಹೋದದ್ದರ ಬಗ್ಗೆ.
ಅದನ್ನೂ ಓದಿದೆ, ಕೊನೆಯ ಪುಟದವರೆಗೆ.
ಅದು ದೂರಲ್ಲ, ಅಷ್ಟೆ.

ಲೊಸಲೀನೆ ಫಿಫಿಟಾಳ ಫೈಲು ತೆಳ್ಳಗಿತ್ತು.
ಟೋಂಗಾ ದ್ವೀಪದವಳು. ಮಾಂಸದ ಕಾರ್ಖಾನೆಯಲ್ಲಿ
ರಾತ್ರಿ ಪಾಳಿ, ಕುರಿಯ ಮೂಳೆ ಬಿಡಿಸುವ ಕೆಲಸ.
ಗಂಡ ತೀರಿದ ಮೂರನೇ ವಾರ
ಮೈದುನನ ಲಾರಿ ಸಾಲಕ್ಕೆ ಅವಳ ಮನೆ ಜಾಮೀನು.
ಹದಿನಾಲ್ಕು ಪುಟ. ತೋರಿಸಿದ ಕಡೆಯೆಲ್ಲ ಸಹಿ.
ಒಂದೂವರೆ ವರ್ಷಕ್ಕೆ ಲಾರಿ ನಿಂತಿತು;
ಮನೆ ಹೊರಟುಹೋಯಿತು.

ಕಿಂಕೇಡ್ ವಕೀಲರ ಉತ್ತರ ಒಂದೇ ಸಾಲು:
ಪತ್ರದ ಅರ್ಥ, ಪರಿಣಾಮ ಎಲ್ಲವನ್ನೂ ವಿವರಿಸಿದ್ದೇನೆ.
ಸಮಿತಿಯದೂ ಒಂದೇ:
ವಿವರಿಸಿದ್ದಾರೆ. ಮುಂದಿನ ಕ್ರಮ ಬೇಡ.

ಬಿಲ್ಲು ಫೈಲಿನ ತಳದಲ್ಲಿತ್ತು.
ವಕೀಲರು ಹೊತ್ತನ್ನು ತೂಗುವುದು ಆರು ನಿಮಿಷದ ಕಲ್ಲಿನಲ್ಲಿ.
ಪತ್ರ ನೋಡಿದ್ದು, ಎರಡು ಕಲ್ಲು.
ಬ್ಯಾಂಕಿಗೆ ಫೋನು, ಮೂರು ಕಲ್ಲು.
ಕಕ್ಷಿದಾರಳಿಗೆ ವಿವರಣೆ ಮತ್ತು ಸಹಿ,
ಒಂದು.

ಹಳೆಯ ಚಾಳಿ ಎದ್ದು ನಿಂತಿತು.
ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು
ಹದಿನಾಲ್ಕು ಪುಟ ಗಟ್ಟಿಯಾಗಿ ಓದಿದೆ.
ಬರೀ ಓದಿದೆ, ವಿವರಿಸಲಿಲ್ಲ,
ನಾನು ತೊಟ್ಟಿಲಲ್ಲೇ ಕೇಳಿದ ಇಂಗ್ಲಿಷಿನಲ್ಲಿ.
ಎರಡು ಸಲ ನೀರು ಕುಡಿದೆ.
ಕಿಟಕಿಯಾಚೆ ಒಂದು ದೋಣಿ ಬಂತು, ಹಗ್ಗ ಬಿಗಿಯಿತು,
ಮೀನಿನ ಪೆಟ್ಟಿಗೆ ಇಳಿಸಿತು, ಹೋಯಿತು.
ಮೂವತ್ತೆಂಟು ನಿಮಿಷ.

ಬರೆದೆ: ಸಮಿತಿ ತೂಗಲೇ ಇಲ್ಲ,
ಅಂಗಡಿಯವನ ಬಾಯಿಮಾತನ್ನೇ ತೂಕವೆಂದು ಬರೆದುಕೊಂಡಿದೆ.
ಆಮೇಲೆ ಆ ಸಾಲು ಹೊಡೆದು ಹಾಕಿ
ಕಾನೂನಿಗೆ ಒಪ್ಪುವ ಸಪ್ಪೆ ಸಾಲು ಬರೆದೆ.
ಶುಲ್ಕ ವಾಪಸು. ದಂಡ. ಒಂದಿಷ್ಟು ಪರಿಹಾರ.

ಪಾಳಿ ಮುಗಿಸಿ ಫೋನು ಮಾಡಿದಳು,
ಹಿಂದೆ ಯಾರೋ ನೆಲಕ್ಕೆ ಕೊಳವೆಯಲ್ಲಿ ನೀರು ಹೊಡೆಯುವ ಸದ್ದು.
"ಹಾಗಾದರೆ ಮನೆ?"
ಮನೆ ನನ್ನ ತಕ್ಕಡಿಗೆ ಬರುವುದಿಲ್ಲ, ಎಂದೆ.
ಆಡಬಾರದ ಮಾತು. ಆಡಿದ್ದಾಯಿತು.
ಅವಳ ಭಾಷೆಯಲ್ಲಿ ಏನೋ ಅಂದಳು,
ಬೈಗುಳವೋ ಪ್ರಾರ್ಥನೆಯೋ.
ನೀರಿನ ಸದ್ದು ನಿಂತಿತು.
"ನೀವು ಬರೆದ ಕಾಗದ ಎಷ್ಟು ಪುಟ?"
ಒಂಬತ್ತು.
"ಓದಿ ಹೇಳಿ."

ಗಡಿಯಾರ ಇನ್ನೂ ಮೇಜಿನ ಮೇಲೇ ಇತ್ತು.
ಅದನ್ನು ಬೋರಲು ಹಾಕಿ
ಮೊದಲ ಪುಟ ತೆರೆದೆ.