ಹಸಿ ಇದ್ದಲ್ಲಿಗೆ

ನೋಡಲು ಬಂದ ದಿನವೇ ಅಪ್ಪ ಅಂದಿದ್ದ:
"ಗಂಡು ಕುಡಿಯುತ್ತಾನೆ. ಕಣ್ಣು ನೋಡಿದೆಯಾ?"
ನೋಡಿದ್ದೆ.
ಒಣಗಲು ಹಾಕಿದ ಮುರುಗಲ ಸಿಪ್ಪೆಯ ಬಣ್ಣ.
ಚಹಾಕ್ಕೆ ಕೈ ಚಾಚಿದವನು
ಅಂಗಿಯ ತೋಳಲ್ಲೇ ರೆಪ್ಪೆ ಒರೆಸಿಕೊಂಡ.
"ಬೈತಖೋಲದ ಐಸ್ ಫ್ಯಾಕ್ಟರಿ ಕೆಲಸ," ಅವನ ತಾಯಿ ನಡುವೆ ಬಾಯಿ ಹಾಕಿದಳು.
ಅಪ್ಪ ನಂಬಲಿಲ್ಲ.
ಐಸು ತಣ್ಣಗಿರುವುದಲ್ಲವಾ, ಕಣ್ಣು ಉರಿಯುವುದು ಎಂತಕ್ಕೆ?

ನನಗೂ ಗೊತ್ತಾದದ್ದು ಮದುವೆಯ ಮೇಲೆ,
ಅಂಗಿ ತೊಳೆಯುವಾಗ.
ಬಕೆಟ್ಟಿಗೆ ಅದ್ದಿದ್ದೇ ತಡ
ಮೂಗಿನೊಳಗೆ ಯಾರೋ ದಬ್ಬಣ ತೂರಿಸಿದ ಹಾಗೆ.

ವಾಮನ ಹೇಳುತ್ತಾನೆ:
ಅಮೋನಿಯಾಕ್ಕೆ ನೀರೆಂದರೆ ಪ್ರಾಣ,
ಹಸಿ ಇದ್ದಲ್ಲಿಗೇ ಹುಡುಕಿಕೊಂಡು ಹೋಗುತ್ತದೆ,
ಕಣ್ಣು, ಗಂಟಲು, ಬೆವೆತ ಕಂಕುಳು.
ಗೋಡೆಯಾಚೆ ಇಷ್ಟು ದೊಡ್ಡ ಕಡಲು ಬಿದ್ದಿದೆಯಲ್ಲ,
ಅದನ್ನು ಬಿಟ್ಟು
ನಿನ್ನ ಕಣ್ಣಿನ ಎರಡು ಹನಿಗೇ ಬರಬೇಕಾ ಅದು?
ನಕ್ಕ.
ನಕ್ಕರೂ ನೀರು ಬರುತ್ತದೆ ಅವನಿಗೆ.

ತಿಂಗಳಿಗೊಮ್ಮೆ ಗಂಧಕದ ಕಡ್ಡಿ ಹೊತ್ತಿಸಿ
ಪೈಪಿನ ಗುಂಟ ಹಿಡಿಯುತ್ತಾ ಹೋಗುತ್ತಾನಂತೆ,
ದೇವರ ಮುಂದೆ ಊದುಬತ್ತಿ ಹಿಡಿದವರ ಹಾಗೆ.
ಬೆಳ್ಳಗೆ ಹೊಗೆ ಎದ್ದಲ್ಲಿ ಸೋರಿಕೆ.
ಸೇಠನಿಗೆ ಹೇಳಿದರೆ, "ಸೀಸನ್ ಮುಗಿಯಲಿ."
ಸೀಸನ್ ಮುಗಿದರೆ, "ಈಗ ಯಾರಿದ್ದಾರೆ ಐಸಿಗೆ?"

ಬೋಟು ಕಡಲಿಗಿಳಿಯುವ ಹಿಂದಿನ ರಾತ್ರಿ ವಾಲ್ವು ಬಿಟ್ಟಿತು.
ನಾನು ಬುತ್ತಿ ಕೊಡಲು ಹೋದವಳು.
ದೀಪ ಮೊದಲು ಆರಿತೋ, ಕಣ್ಣು ಮೊದಲು ಮುಚ್ಚಿತೋ.
ಐಸು ತುಂಬಲು ಬಂದವರು, ಬುಟ್ಟಿ ಬಿಸಾಡಿದ ಹೆಂಗಸರು,
ಅವರ ನಡುವೆ ಎಲ್ಲೋ ಅಪ್ಪನ ಕೆಮ್ಮು.
"ಗಾಳಿಗೆ ಅಡ್ಡ ಓಡಿ!"
ಗಾಳಿ ಯಾವ ಕಡೆ, ಯಾರಿಗೆ ಗೊತ್ತು?
ಒಂದು ಕೈ ನನ್ನ ರಟ್ಟೆ ಹಿಡಿದು ನಲ್ಲಿಯ ಕೆಳಗೆ ತಳ್ಳಿತು,
ಹೆಬ್ಬೆರಳಿಂದ ರೆಪ್ಪೆ ಬಿಡಿಸಿ ಹಿಡಿಯಿತು.
"ಮುಚ್ಚಬೇಡ. ಎಣಿಸು, ಒಂಬೈನೂರರ ತನಕ."
ಎಣಿಸಿದೆ.
ಮುನ್ನೂರರ ಹತ್ತಿರ ತಪ್ಪಿ, ಮತ್ತೆ ಇನ್ನೂರರಿಂದ.
ಆಗ ಅವನ ಕಣ್ಣಿಗೆ ನೀರು ಬಿಟ್ಟವರು ಯಾರು,
ಇವತ್ತಿಗೂ ಕೇಳಿಲ್ಲ ನಾನು.

ಬೆಳಿಗ್ಗೆ ಧಕ್ಕೆಯ ಮೇಲೆ ಅಪ್ಪ ಕೂತಿದ್ದ,
ಎರಡೂ ಕಣ್ಣು ಮುರುಗಲು.
ಬಲೆ ಹೊತ್ತು ಹೋಗುತ್ತಿದ್ದ ಗಾಬಿತರ ಮುದುಕ ನಿಂತ:
"ಎಂತ ಮಾರಾಯ, ಬೆಳಗಾಗುವುದರೊಳಗೇ?"
ಅಪ್ಪ ಬಾಯಿ ತೆರೆದ. ಮುಚ್ಚಿದ.
ಆಮೇಲೆ ಮೆಲ್ಲಗೆ
"ಐಸು" ಅಂದ.

ಮುದುಕ ಬಹಳ ಹೊತ್ತು ನಕ್ಕ.